ಸೇರಿನ ತಲೆ

ಸೋಮವಾರ, ೭ ಸೆಪ್ಟೆಂಬರ್ ೧೯೦೮, ಚಳ್ಳಕೆರೆ

ಜಯದೇವಪ್ಪನ ಮಂಡಿಯಲ್ಲಿ ರೈತರಿಂದ ಕಾಳು ಕೊಳ್ಳುವಾಗ ಸೇರಿನ ಮೇಲೆ ರಾಶಿ ನಿಲ್ಲಿಸಿ ಅಳೆಯುತ್ತಾರೆ. ಅದೇ ಕಾಳನ್ನು ನಮಗೆ ಮಾರುವಾಗ ಅಂಚಿಗೆ ಸರಿಯಾಗಿ ಕೋಲೆಳೆದು ಅಳೆಯುತ್ತಾರೆ. ಇದು ಕಳ್ಳತನ. ಇದಕ್ಕೆ ಬೇರೆ ಹೆಸರಿಲ್ಲ.

ನಿನ್ನೆ ಸಂತೆಯ ದಿನ ಕಣ್ಣಾರೆ ಕಂಡೆ. ದೊಡ್ಡಉಳ್ಳಾರ್ತಿಯ ಕರಿಯಕ್ಕ ಎಂಬ ಮುದುಕಿ ತಲೆಯ ಮೇಲೆ ನವಣೆ ಹೊತ್ತು ತಂದಿದ್ದಳು. ಮಂಡಿಯಲ್ಲಿ ಅಳೆಯುವ ಹನುಮಣ್ಣ ಕುಕ್ಕರಗಾಲಲ್ಲಿ ಕೂತು ಸೇರು ತುಂಬಿದ. ತುಂಬಿದ ಮೇಲೆ ಎಡಗೈಯನ್ನು ಸೇರಿನ ಬಾಯಿಗೆ ಅಡ್ಡ ಸುತ್ತಿ ಇನ್ನಷ್ಟು ಸುರಿದ. ನವಣೆ ಜಾರುವ ಕಾಳು. ಆದರೂ ಕೈಯ ಆಸರೆಗೆ ಗೋಪುರದ ಹಾಗೆ ನಿಂತಿತು. ಆ ರಾಶಿಗೆ ಇಲ್ಲಿಯವರು ‘ತಲೆ’ ಎನ್ನುತ್ತಾರೆ. ‘ಲಾಭ’ ಎಂದು ಚೀಲಕ್ಕೆ ಸುರಿದ. ಮೊದಲನೆಯ ಸೇರಿಗೆ ಒಂದು ಎನ್ನಬಾರದಂತೆ. ಆಮೇಲೆ ಎರಡು, ಮೂರು. ಯಾರ ಲಾಭ ಎಂದು ಆ ಮುದುಕಿ ಕೇಳಲಿಲ್ಲ.

ನನ್ನ ಸರದಿ ಬಂದಾಗ ಅದೇ ಸೇರು, ಅದೇ ನವಣೆ. ಕೋಲೆಳೆದ. ತಲೆ ಹಾರಿತು.

“ಏನ್ರೀ ಸಾವ್ಕಾರ್ರೇ, ಆಯಮ್ಮಂಗೊಂದು ಸೇರು, ನನಗೊಂದು ಸೇರು ಐತಾ?” ಅಂದೆ.

ಜಯದೇವಪ್ಪ ಗಾದಿಯ ಮೇಲಿಂದ ನಕ್ಕ. “ಸೇರು ಒಂದೇ ಚಿತ್ತಪ್ಪಾ. ಮಾಮೂಲು ಬ್ಯಾರೆ.”

ಸುತ್ತ ಇದ್ದವರೂ ನಕ್ಕರು. ಮೋಸ ಹೋಗುತ್ತಿರುವವರೇ ನಕ್ಕರು! ನನ್ನ ಬಳಿ ಎರಡು ಕಿರುಪುಸ್ತಕಗಳಿವೆ, ಅಂಚೆಯಲ್ಲಿ ತರಿಸಿದ್ದು. ಒಂದು ಆಹಾರದ ಮೇಲೆ, ಇನ್ನೊಂದು ವ್ಯಾಪಾರದಲ್ಲಿ ಧರ್ಮದ ಮೇಲೆ. ಎರಡನೆಯದರ ಹನ್ನೊಂದನೆಯ ಪುಟದಲ್ಲಿದೆ: ಅಳತೆ ಒಂದಾಗದೆ ಜನ ಒಂದಾಗರು. ನಾನು ಓದಿದ್ದು ನಾಲ್ಕನೇ ಕ್ಲಾಸು, ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದಡಿ ಕೂತು ಕಂಡವರ ಅರ್ಜಿ ಬರೆದು ಹೊಟ್ಟೆ ಹೊರೆಯುವವನು. ಕಂಡವರದ್ದು ಬರೆದದ್ದಾಯಿತು. ಈ ಅರ್ಜಿ ನನ್ನದು.

ಗುರುವಾರ, ೧೦ ಸೆಪ್ಟೆಂಬರ್

ಅವ್ವನಿಗೂ ನನಗೂ ಮೆಣಸಿನಕಾಯಿಯ ಮೇಲೆ ಜಗಳ.

ನನ್ನ ಸಂಪಾದನೆಯಲ್ಲಿ ಉಪ್ಪು, ಎಣ್ಣೆ, ಕಾಯಿಪಲ್ಲೆ, ರಾಗಿ. ಅವ್ವ ಜಯದೇವಪ್ಪನ ಮಂಡಿಯ ಹಿತ್ತಲಲ್ಲಿ ನವಣೆ ಕುಟ್ಟುತ್ತಾಳೆ. ಕೂಲಿಯಾಗಿ ಮಡಿಲಲ್ಲಿ ನವಣೆಯಕ್ಕಿ ತರುತ್ತಾಳೆ. ಇಷ್ಟರಲ್ಲಿ ಮೂರು ಹೊಟ್ಟೆ ನಡೆಯಬೇಕು. ಅಕ್ಕ ನಾಗಕ್ಕ ಚೊಚ್ಚಲ ಹೆರಿಗೆಗೆ ಮೊಳಕಾಲ್ಮೂರಿನಿಂದ ಬಂದಿದ್ದಾಳೆ. ಭಾವ ಪಾತಣ್ಣ ಅಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಾನೆ. ಹೀಗಿರುವಾಗ ಮೆಣಸಿನಕಾಯಿಗೂ ಹುಣಸೆಹಣ್ಣಿಗೂ ಕಾಸು ಸುರಿಯುವುದು ಪಾಪ. ಮೆಣಸಿನಕಾಯಿ ಆಹಾರವಲ್ಲ, ನಾಲಿಗೆಗೆ ಹೊಡೆಯುವ ಚಾಟಿ ಎಂದು ಪುಸ್ತಕದಲ್ಲಿದೆ. ಆ ಕಾಸಿಗೆ ಹೆಸರುಕಾಳು ತಂದೆ. ಕಾಫಿಯನ್ನೂ ಮಾಂಸವನ್ನೂ ನಾನು ಆಗಲೇ ಬಿಟ್ಟಿದ್ದೇನೆ.

ಅವ್ವ ಹೆಸರುಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿದಳು. “ನಾಕು ಮೆಣಸಿನಕಾಯಿ ಇದ್ರೆ ಮೂರು ಜನ ಮೂರು ಮುದ್ದೆ ನುಂಗ್ತೀವಿ. ಇದು ಮೂರು ಬಾಯಿಗೆ ಮುಗಿದು ಹೋಗ್ತೈತೆ. ಮಿಕ್ಕಿದ್ದ ಮುದ್ದೆ ಯಾತರ ಜೊತೆ ನುಂಗಾದು?”

“ಆಹಾರ ಅನ್ನೋದು ನುಂಗೋಕಲ್ಲ ಅವ್ವಾ, ರಕ್ತ ಆಗೋಕೆ.”

“ನುಂಗದೆ ಹೆಂಗಪ್ಪಾ ರಕ್ತ ಆಗ್ತೈತೆ?”

ಅಕ್ಕ ಗೋಡೆಗೊರಗಿ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು. “ತಮ್ಮಾ, ಆ ಪುಸ್ತಕ ಬರೆದೋನು ಮುದ್ದೆ ಉಂಡವ್ನಾ ಕೇಳು ಮೊದ್ಲು. ದಿನಾ ಅಕ್ಕಿ ಅನ್ನ ಉಣ್ಣೋನಿರಬೇಕು.”

ಹೆಂಗಸರಿಗೆ ತತ್ವ ಹೇಳುವುದು ಬಲು ಕಷ್ಟ. ಆದರೂ ಇಂದಿನಿಂದ ಮನೆಯಲ್ಲಿ ಮೆಣಸಿನಕಾಯಿ ಇಲ್ಲ.

ಬುಧವಾರ, ೧೬ ಸೆಪ್ಟೆಂಬರ್

ಅರ್ಜಿ ಮುಗಿಯಿತು. ಎರಡು ಸಲ ತಿದ್ದಿ ಶುದ್ಧಪ್ರತಿ ಮಾಡಿದೆ. ನನಗೆ ಬಹಳ ಹಿಡಿಸಿದ ಸಾಲು: ‘ಯಾರು ಯಾರಿಗೆ ಅಳೆದರೂ, ಎಲ್ಲ ಅಳತೆಯೂ ಸರ್ಕಾರಿ ಮುದ್ರೆಯ ಸೇರಿಗೆ ಕೋಲೆಳೆದೇ ಆಗತಕ್ಕದ್ದು.’ ರೈತರ ಹೆಬ್ಬೆಟ್ಟು ಮೂವತ್ತಾರು ಸಿಕ್ಕವು.

ಮಧ್ಯಾಹ್ನ ಮಂಡಿಯ ಹಿತ್ತಲಿಗೆ ಹೋಗಿ ಕುಟ್ಟುವ ಹೆಂಗಸರಿಗೂ ಓದಿ ಹೇಳಿದೆ. ಅವ್ವನೂ ಸೇರಿ ಹನ್ನೆರಡು ಜನ. ಅವರಲ್ಲಿ ಹಿರಿಯಳು ಸೂರಮ್ಮ. ಒನಕೆ ಹಿಡಿದರೆ ಇಬ್ಬರ ಕೆಲಸ, ಬಾಯಿ ಬಿಟ್ಟರೆ ನಾಲ್ವರ ಕೆಲಸ.

“ಎಲ್ಲ ಅಳತೆ ಅಂದ್ಯಲ್ಲಪ್ಪಾ,” ಅಂದಳು, “ಎಲ್ಲ ಅಂದ್ರೆ ಯಾವ್ಯಾವ?”

“ಎಲ್ಲ ಅಂದರೆ ಎಲ್ಲ.”

“ನಮ್ದೂ ಸೈತ?”

“ನಿಮ್ಮದೂ. ಯಾಕೆ, ನಿಮಗೆ ನ್ಯಾಯ ಬ್ಯಾಡ್ವೇನಮ್ಮಾ?”

ಅವಳು ಒನಕೆಯ ಮೇಲೆ ಗದ್ದ ಊರಿದಳು. “ನ್ಯಾಯ ಬೇಕಪ್ಪಾ. ಇವತ್ತು ಕೈ ತುಂಬ ತೌಡು. ಮಸಿ ಹಿಡಿಯಲ್ಲ.”

ಇದೇ ಈ ಜನರ ಅಂಜಿಕೆ! ಸಾಹುಕಾರ ಏನೆನ್ನುತ್ತಾನೋ ಎಂಬ ನಡುಕ. ಹನ್ನೆರಡು ಜನರಲ್ಲಿ ಅವ್ವ ಒಬ್ಬಳೇ ಹೆಬ್ಬೆಟ್ಟು ಒತ್ತಿದಳು. “ನೀನೇ ಬರ್ದಿದ್ದಲ್ವಾ, ಎಲ್ಲಿ ಒತ್ತಬೇಕು ತೋರ್ಸು” ಅಂದಳು. ಹೆಮ್ಮೆಯಾಯಿತು.

ಭಾನುವಾರ, ೪ ಅಕ್ಟೋಬರ್

ಗೆದ್ದೆವು!

ಇವತ್ತು ಸಂತೆಯ ನಡುವೆ ತಮಟೆ ಹೊಡೆದು ಸಾರಿದರು. ತಾಲ್ಲೂಕಿನ ಅಮಲ್ದಾರರು ಹೊಸಬರು, ಕಟ್ಟುನಿಟ್ಟಿನವರು. ನನ್ನ ಅರ್ಜಿಯನ್ನು ಹೆಚ್ಚುಕಡಿಮೆ ಹಾಗೆಯೇ ಹುಕುಂ ಮಾಡಿದ್ದಾರೆ. ಕೊಳ್ಳಲಿ, ಮಾರಲಿ, ಕೂಲಿ ಕೊಡಲಿ, ಕೋಲೆಳೆದೇ ಅಳೆಯಬೇಕು. ಕೂಲಿ ಎಂಬ ಮಾತು ನಾನು ಬರೆದಿರಲಿಲ್ಲ. ಅಮಲ್ದಾರರು ನನಗಿಂತ ಪೂರ್ತಿಯಾಗಿ ಯೋಚಿಸಿದ್ದಾರೆ.

ಕರಿಯಕ್ಕನ ಸಜ್ಜೆಯನ್ನು ಹನುಮಣ್ಣ ಕೋಲೆಳೆದು ಅಳೆದಾಗ ಜನ ಗುಂಪುಗಟ್ಟಿ ನೋಡಿದರು. ತಲೆ ನಿಲ್ಲಿಸಿದ್ದರೆ ಎಂಟು ಸೇರಾಗುತ್ತಿದ್ದದ್ದು ಈ ಸಲ ಹತ್ತಾಯಿತು. ಮುದುಕಿ ನನಗೆ ಒಂದು ಸೋರೆಕಾಯಿ ತಂದುಕೊಟ್ಟಳು. ನ್ಯಾಯಕ್ಕೆ ಕಾಣಿಕೆ ಬೇಡ ಎಂದು ಹಿಂದಕ್ಕೆ ಕೊಟ್ಟೆ. ಎಳೆಯ ಕಾಯಿ, ತೋಳುದ್ದ ಇತ್ತು. ಅವಳು ಅದನ್ನು ಹೊತ್ತುಕೊಂಡು ಹೋಗುವವರೆಗೂ ಅವ್ವ ಅದನ್ನೇ ನೋಡುತ್ತಿದ್ದಳು.

ಜಯದೇವಪ್ಪ ಗಾದಿಯಿಂದ ಇಳಿದು ಬಂದು ನನಗೆ ಕೈಮುಗಿದ. “ಒಳ್ಳೇ ಕೆಲಸ ಮಾಡ್ದೆ ಚಿತ್ತಪ್ಪಾ. ಎಲ್ಲದಕ್ಕೂ ಒಂದು ಕ್ರಮ ಆತು.” ಸೋತವನು ಸೋಲನ್ನು ಇಷ್ಟು ಚೆನ್ನಾಗಿ ಒಪ್ಪಿಕೊಳ್ಳುವುದನ್ನು ನಾನು ಕಂಡಿರಲಿಲ್ಲ.

ಶುಕ್ರವಾರ, ೯ ಅಕ್ಟೋಬರ್

ಅಕ್ಕನಿಗೆ ಹೆಣ್ಣುಮಗು. ಬೆಳಗಿನ ಜಾವ ಸೂಲಗಿತ್ತಿ ಬಂದಳು, ಹೊತ್ತೇರುವಷ್ಟರಲ್ಲಿ ಆಯಿತು. ಮಗುವಿನ ತಲೆತುಂಬ ಕೂದಲು.

ಬಾಣಂತಿಯ ಊಟದ ಮೇಲೆ ಮತ್ತೆ ಮಾತು ಬೆಳೆಯಿತು. ಅವ್ವನ ಪ್ರಕಾರ ಕರಿಮೆಣಸು, ಬೆಳ್ಳುಳ್ಳಿ, ಒಣಕೊಬ್ಬರಿ, ಬೆಲ್ಲ. ಏಳನೆಯ ದಿನ ನಮ್ಮ ಕೋಳಿಯನ್ನು ಕೊಯ್ದು ಸಾರು. ಪುಸ್ತಕದ ಪ್ರಕಾರ ಇವೆಲ್ಲ ರಕ್ತವನ್ನು ಕಾಯಿಸುತ್ತವೆ. ಒಂದು ಜೀವ ಹುಟ್ಟಿದ ಮನೆಯಲ್ಲಿ ಇನ್ನೊಂದು ಜೀವ ತೆಗೆಯುವುದು ಎಂಥ ಮರ್ಯಾದೆ ಎಂದು ಕೇಳಿದೆ. ಅವ್ವ ಸುಮ್ಮನಾದಳು. ನಾನು ಮನೆಯ ಗಂಡಸು ಎಂದು ಸುಮ್ಮನಾದಳೋ, ಒಪ್ಪಿ ಸುಮ್ಮನಾದಳೋ ತಿಳಿಯದು. ಒಪ್ಪಿಯೇ ಇರಬೇಕು.

ಮಂಗಳವಾರ, ೨೦ ಅಕ್ಟೋಬರ್

ಬೇವಿನ ಮರದಡಿ ಈಗ ಜನ ನನ್ನನ್ನು ಗುರುತಿಸಿ ಬರುತ್ತಾರೆ. ಗೌರಸಮುದ್ರದಿಂದ ಇಬ್ಬರು ಬಂದು, ಅಳತೆ ಅರ್ಜಿ ಬರೆದವನು ಇವನೇ ಎಂದು ತೋರಿಸಿಕೊಂಡರು.

ಇನ್ನೊಂದು ಸಂತೋಷ. ಅವ್ವ ರಾತ್ರಿಯ ಊಟ ಬಿಟ್ಟಿದ್ದಾಳೆ. ಯಾಕೆ ಎಂದು ಕೇಳಿದೆ. “ನಿನ್ನ ಪುಸ್ತಕದಾಗೆ ಅಂಗೇ ಐತಲ್ಲ, ಹೊಟ್ಟೆ ಹಗುರ ಇರ್ಬೇಕು ಅಂತ” ಅಂದಳು. ಮಿತಾಹಾರದ ವಿಚಾರ ಅವಳಿಗೆ ಇಷ್ಟು ಬೇಗ ಹಿಡಿಸೀತೆಂದು ಎಣಿಸಿರಲಿಲ್ಲ. ಬೆಳಗ್ಗೆ ಕೂಡ ನನಗಿಂತ ಮೊದಲೇ ಎದ್ದು ಮಂಡಿಗೆ ಹೋಗಿಬಿಡುತ್ತಾಳೆ. ಮೊನ್ನೆ ನವಣೆಯಕ್ಕಿ ಕಡಿಮೆಯಾದ ಹಾಗೆ ಕಂಡು ಕೇಳಿದೆ. ಈ ಸಲದ ನವಣೆ ಒಣಕಲು, ಕುಟ್ಟಿದರೆ ತೌಡೇ ಹೆಚ್ಚು ಅಂದಳು.

ಬುಧವಾರ, ೨೮ ಅಕ್ಟೋಬರ್

ಹಬ್ಬ ಕಳೆಯಿತು. ಹೋಳಿಗೆ ಮಾಡಲಿಲ್ಲ. ನಾನಾಗಿ ಬೇಡ ಎನ್ನುವ ಮೊದಲೇ ಅವ್ವ ಬೇಡ ಎಂದಳು.

ಅಕ್ಕ ಹಾಲು ಸಾಲುತ್ತಿಲ್ಲ ಎನ್ನುತ್ತಾಳೆ. ಮಗು ಚೀಪಿ ಚೀಪಿ ಸಿಟ್ಟಿಗೆದ್ದು ಅಳುತ್ತದೆ, ಅತ್ತು ಸುಸ್ತಾಗಿ ಮಲಗುತ್ತದೆ. ಪುಸ್ತಕ ತೆಗೆದು ನೋಡಿದೆ. ಬಾಣಂತಿಗೆ ದ್ರಾಕ್ಷಿ, ಬಾದಾಮಿ, ಹಸುವಿನ ಹಾಲಿನಲ್ಲಿ ಬೇಯಿಸಿದ ಗೋಧಿ ಎಂದಿದೆ. ಭಾನುವಾರದ ಸಂತೆಯಲ್ಲಿ ಒಂದು ಸುತ್ತು ಹಾಕಿದೆ. ದ್ರಾಕ್ಷಿ ಇರಲಿಲ್ಲ. ಬಾದಾಮಿ ಔಷಧಿ ಸಾಮಾನಿನ ಗಂಧಿಗೆ ಅಂಗಡಿಯಲ್ಲಿ ಇತ್ತು. ಬೆಲೆ ಕೇಳಿ ಬಂದೆ. ಈ ಪುಸ್ತಕ ಬರೆದವರು ಯಾವ ಸಂತೆಗೆ ಹೋಗುತ್ತಾರೋ.

ನುಗ್ಗೆಸೊಪ್ಪು ಎರಡು ಹಿಡಿ ತಂದೆ. ಅಕ್ಕ ಬೇಯಿಸಿದ ಸೊಪ್ಪನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿದಳು. “ಒಂದು ಮೆಣಸಿನಕಾಯಿ ಸಿಗ್ತಿತ್ತೇನೋ ತಮ್ಮಾ” ಅಂದಳು. ನಗಲಿಲ್ಲ.

ಸೋಮವಾರ, ೨ ನವೆಂಬರ್

ಅವ್ವನಿಗೆ ನಿನ್ನೆಯಿಂದ ತಲೆಸುತ್ತು. ಕೂಲಿ ಹೊತ್ತು ತರಲಾರಳು ಎಂದು ಸಂಜೆ ನಾನೇ ಮಂಡಿಗೆ ಹೋದೆ. ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಹಿತ್ತಲಲ್ಲಿ ಕೂಲಿ ಅಳೆಯುತ್ತಿದ್ದರು. ಹತ್ತು ಸೇರು ಕುಟ್ಟಿದರೆ ಒಂದು ಸೇರು ಕೂಲಿ. ದಿನಕ್ಕೆ ಇಪ್ಪತ್ತು ಕುಟ್ಟುತ್ತಾರೆ. ಇದು ನನಗೆ ಗೊತ್ತಿತ್ತು. ಅಳೆಯುವುದನ್ನು ಮಾತ್ರ ನೋಡಿರಲಿಲ್ಲ. ಒಂದು ದಿನವೂ ನೋಡಿರಲಿಲ್ಲ.

ಅವ್ವನ ಸರದಿ. ಹನುಮಣ್ಣ ಸೇರು ತುಂಬಿದ. ಅವನ ಎಡಗೈ ತಾನಾಗಿ ಸೇರಿನ ಬಾಯಿಗೆ ಸುತ್ತಿಕೊಳ್ಳಲು ಹೋಯಿತು. ಒಳಗಿಂದ ಜಯದೇವಪ್ಪ ಕೆಮ್ಮಿದ.

“ಕೈ ತೆಗಿಯಪ್ಪಾ ಹನುಮಣ್ಣ. ಕಾನೂನು ಐತೆ. ಬರೆಸಿದೋನು ಎದುರಿಗೇ ನಿಂತವ್ನೆ.”

ಹನುಮಣ್ಣ ನನ್ನ ಮುಖ ನೋಡದೆ ಕೋಲೆಳೆದ. ಎರಡು ಸೇರು. ಅವ್ವ ಮಡಿಲೊಡ್ಡಿದಳು.

ಹೊರಗೆ ಬಂದು ಹನುಮಣ್ಣನನ್ನು ಹಿಡಿದುಕೊಂಡೆ. ಮೊದಲು ಹೇಗಿತ್ತು ಹೇಳು ಅಂದೆ.

“ಮೊದ್ಲು ಹೆಂಗಿತ್ತು ಅಂತ ಈಗ ಕೇಳ್ತೀಯಾ? ಇಪ್ಪತ್ತು ವರ್ಷ ಆತು ಸೇರು ಹಿಡಿದು. ರೈತರದ್ದು ಅಳೀವಾಗ ಸಾವ್ಕಾರ್ರು ನೋಡ್ತಾರೆ, ಕೈ ಅಡ್ಡ ಕೊಡ್ತಿದ್ದೆ. ಹೆಂಗಸ್ರ ಕೂಲಿ ಅಳೀವಾಗ ಅವರು ನೋಡ್ತಿರಲಿಲ್ಲ. ಆವಾಗ್ಲೂ ಅಷ್ಟೇ ಕೈ ಕೊಡ್ತಿದ್ದೆ. ಸೇರಿಗೆ ಕಾಲು ಸೇರು ನಿಲ್ಲಾದು ತಲೆ. ಇದು ಸಾವ್ಕಾರ್ರಿಗೂ ಗೊತ್ತಿತ್ತು, ಅವರಪ್ಪಂಗೂ ಗೊತ್ತಿತ್ತು. ಮಾಮೂಲು.”

ಸೂರಮ್ಮ ಹಿಂದೆ ನಿಂತಿದ್ದಳು. “ದಿನಕ್ಕೆ ಎರಡು ತಲೆ ಕಣಪ್ಪಾ. ಅರ್ಧ ಸೇರು. ಅದು ನಮ್ಮ ರಾತ್ರಿ ಊಟ ಆಗಿತ್ತು. ನಿಮ್ಮನ್ಯಾಗೆ ರಾತ್ರಿ ಏನ್ ಉಣ್ತೀರಿ, ಕಾಗದಾನಾ?”

ಎರಡು ಸೇರನ್ನು ನಾನೇ ಹೊತ್ತು ಮನೆಗೆ ತಂದೆ.

ತತ್ವ ತಪ್ಪಲ್ಲ. ಕೋಲಳತೆಯೇ ಸರಿ. ರೈತರಿಗೆ ಒಳ್ಳೆಯದಾಗಿದೆ, ಕರಿಯಕ್ಕನಿಗೆ ಎರಡು ಸೇರು ಹೆಚ್ಚು ಸಿಕ್ಕಿದೆ. ತಪ್ಪಿರುವುದು…

ಮಂಗಳವಾರ, ೩ ನವೆಂಬರ್

ಕಚೇರಿಗೆ ಹೋದೆ. ಅಮಲ್ದಾರರು ಹಳ್ಳಿಗಳನ್ನು ಸುತ್ತುವ ಸರ್ಕೀಟಿನ ಮೇಲಿದ್ದಾರೆ. ಗುಮಾಸ್ತರ ಮುಂದೆ ಹೊಸ ಅರ್ಜಿ ಇಟ್ಟೆ: ಕೂಲಿಗೆ ಮಾತ್ರ ಹಳೆಯ ಅಳತೆಯೇ ಇರಲಿ.

ಅವರು ಹಳೆಯ ಅರ್ಜಿಯನ್ನು ಕಟ್ಟಿನಿಂದ ತೆಗೆದು ಪಕ್ಕದಲ್ಲಿಟ್ಟರು. “ಎರಡೂ ನಿನ್ನ ಅಕ್ಷರವೇ ಕಣಯ್ಯಾ. ಯಾವ ಚಿತ್ತಪ್ಪನ ಮಾತು ಕೇಳಬೇಕು?”

“ಆವಾಗ ನನಗೆ ತಿಳಿದಿರಲಿಲ್ಲ ಸ್ವಾಮಿ.”

“ಎಲ್ಲ ಅಳತೆಯೂ ಅಂತ ಬರೆದಿದ್ದೀಯಾ. ನಿಮ್ಮ ತಾಯಿಯ ಹೆಬ್ಬೆಟ್ಟೂ ಇದರಲ್ಲೇ ಐತೆ. ತಿಂಗಳೊಪ್ಪತ್ತಿನಲ್ಲಿ ಮಗುಚಿ ಹಾಕೋಕೆ ಹುಕುಂ ಅಂದರೆ ದೋಸೇನಾ? ಕುಟ್ಟೋ ಹೆಂಗಸರೇ ಬಂದು ಹೇಳಲಿ, ಆಗ ನೋಡೋಣ.”

ಸೂರಮ್ಮನನ್ನು ಕೇಳಿದೆ. ಬರುವುದಿಲ್ಲ ಅಂದಳು. ಕಚೇರಿಗೆ ಹೋದವಳ ಒರಳಿಗೆ ಮಾರನೆಯ ದಿನ ಬೇರೊಬ್ಬಳು ಬರುತ್ತಾಳೆ ಅಂದಳು. “ನಿಮ್ಮವ್ವ ನಿನ್ನ ಅರ್ಜಿಗೆ ಒತ್ತಿದ್ಲು. ನೋಡಿದ್ವಿ.”

ಶನಿವಾರ, ೭ ನವೆಂಬರ್

ಕೋಳಿ ಕೊಯ್ದೆವು. ಕಾಲು ಹಿಡಿದುಕೊಂಡವನು ನಾನೇ. ಅಕ್ಕ ಸಾರು ಕುಡಿದಳು, ಎರಡು ಬಟ್ಟಲು. ಅವ್ವ ಮೂಳೆಯನ್ನೂ ಬಿಡದೆ ಮತ್ತೆ ಕುದಿಸಿದಳು.

ಆಡಿನ ಹಾಲು ಒಂದು ಪಾವು ತಂದೆ. ಮಗು ಒಂದೆರಡು ಹನಿ ನುಂಗಿ ಕಾರಿಕೊಂಡಿತು.

ಸೋಮವಾರ, ೯ ನವೆಂಬರ್

ಬತ್ತಿಯಲ್ಲಿ ಹಾಲು ಅದ್ದಿ ಬಾಯಿಗಿಡುತ್ತಿದ್ದಾಳೆ ಅವ್ವ. ಇವತ್ತು ಅಳು ಕಡಿಮೆ. ಅಳು ಕಡಿಮೆಯಾದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಅವ್ವನನ್ನು ಕೇಳಿದೆ. ಅವಳು ಬತ್ತಿಯನ್ನು ಮತ್ತೆ ಹಾಲಿಗೆ ಅದ್ದಿದಳು.

ಗುರುವಾರ, ೧೨ ನವೆಂಬರ್

ಮಗು ಹೋಯಿತು. ಇನ್ನೂ ಹೆಸರಿಟ್ಟಿರಲಿಲ್ಲ.

ಶುಕ್ರವಾರ, ೨೦ ನವೆಂಬರ್, ಮೊಳಕಾಲ್ಮೂರು

ಅಕ್ಕನನ್ನು ಬಿಡಲು ಬಂದಿದ್ದೇನೆ. ಎರಡು ದಿನದ ಗಾಡಿ ದಾರಿ. ಗಾಡಿಯಲ್ಲಿ ಅವಳು ಹಿಂದಕ್ಕೆ ಮುಖ ಮಾಡಿ ಕೂತಿದ್ದಳು. ಭಾವ ಬಾಗಿಲಲ್ಲಿ ನಿಂತಿದ್ದ. ಅವಳ ಕೈಯಿಂದ ಗಂಟು ಇಸಿದುಕೊಂಡ.

ಸಂಜೆ ಅವರ ಮನೆಗೆ ಬೇಳೆ ತರಲು ಇಲ್ಲಿಯ ಮಂಡಿಗೆ ಹೋದೆ. ಚಳ್ಳಕೆರೆಯ ಚಿತ್ತಪ್ಪ ಎಂದು ಹೆಸರು ಹೇಳಿದ್ದೇ ತಪ್ಪಾಯಿತು. ಸಾಹುಕಾರ ಎದ್ದು ನಿಂತು ಚಾಪೆ ಹಾಸಿಸಿದ. “ಓ, ಅಳತೆ ಅರ್ಜಿ ಬರೆದೋರು ನೀವೇನಾ? ನಿಮ್ಮೂರ ಕ್ರಮ ನಮಗೂ ಬಂತು. ಈಗ ಕೂಲಿಯೋರ ಕಾಟ ಇಲ್ಲ, ತಲೆ ಕೊಡ್ರಿ ತಲೆ ಕೊಡ್ರಿ ಅನ್ನೋ ಗಲಾಟೆ ಇಲ್ಲ. ನಿಮ್ಮಂಥ ಓದಿದ ಹುಡುಗ್ರು ಬೇಕು.” ಕಾಫಿ ತರಿಸಿಕೊಟ್ಟ. ಕುಡಿದೆ.

ಹಿತ್ತಲ ಬಾಗಿಲಲ್ಲಿ ಕುಟ್ಟುವ ಹೆಂಗಸರು ಕೂಲಿಗೆ ಕಾದು ನಿಂತಿದ್ದರು. ಅವರಲ್ಲೊಬ್ಬಳು ಮುಂದೆ ಬಂದು, “ಏಮಯ್ಯಾ, ನುವ್ವೇನಾ ಆ ಅರ್ಜಿ ರಾಸಿಂದಿ?” ಅಂದಳು. ಆ ಅರ್ಜಿ ಬರೆದವನು ನೀನೇನಾ ಎಂದು. ನನಗೆ ಇಷ್ಟು ತೆಲುಗು ಬರುತ್ತದೆ. ಹೌದು, ನಾನೇ ಅಂದೆ.

“ಮಂಚಿದಿ” ಅಂದಳು. ಒಳ್ಳೆಯದು ಎಂದು. ಸೆರಗು ಕಟ್ಟಿಕೊಂಡು ಹೋದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಶನಿವಾರ, ೨೧ ನವೆಂಬರ್, ದಾರಿಯಲ್ಲಿ

ಹೊರಡುವ ಮುಂಚೆ ಅಕ್ಕ ಬಟ್ಟೆಯಲ್ಲಿ ಮುದ್ದೆಯನ್ನೂ ಚಟ್ನಿಯನ್ನೂ ಕಟ್ಟಿಕೊಟ್ಟಳು. “ನೀನು ಕೆಟ್ಟೋನಲ್ಲ ತಮ್ಮಾ,” ಅಂದಳು, “ಕೇಳಂಗಿಲ್ಲ, ಅಷ್ಟೇ.” ಮಗು ಹೋದಾಗಿನಿಂದ ಅವಳು ನನ್ನೊಡನೆ ಆಡಿದ ಮಾತು ಇದೊಂದೇ.

ಗಾಡಿಗೆ ಕಾಸಿರಲಿಲ್ಲ. ನಡೆದುಕೊಂಡೇ ಬರುವಾಗ ಒಂದು ಹಳ್ಳದ ಬಳಿ ಕೂತು ಉಂಡೆ. ಚಟ್ನಿ ಉರಿ ಖಾರ. ಎರಡೂ ಮುದ್ದೆ ಮುಗಿದವು.

ಭಾನುವಾರ, ೨೯ ನವೆಂಬರ್, ಚಳ್ಳಕೆರೆ

ಅವ್ವನ ಜೊತೆ ಸಂತೆಗೆ ಹೋದೆ. ಬೆಳಗ್ಗೆ ಹೊರಟಿದ್ದೆ, ಅವಳು ಬೇಡ ಅಂದಳು. ಹೊತ್ತು ಇಳಿದ ಮೇಲೆ ಹೋಗಬೇಕು. ದೂರದೂರಿನವರು ಗಾಡಿ ಹೂಡುವ ಆತುರದಲ್ಲಿರುತ್ತಾರೆ, ಉಳಿದದ್ದನ್ನು ಹೊತ್ತೊಯ್ಯಲು ಮನಸ್ಸಿರುವುದಿಲ್ಲ. ಬದನೆಕಾಯಿ ಬಾಡಿದ್ದರೂ ತೊಟ್ಟು ಹಸಿರಿದ್ದರೆ ತೆಗೆದುಕೊಳ್ಳಬಹುದು. ಈರುಳ್ಳಿ ಮೊಳಕೆ ಬಂದಿದ್ದರೆ ಅರ್ಧ ಬೆಲೆ, ಮೊಳಕೆಯನ್ನೇ ಸಾರಿಗೆ ಹಾಕಬಹುದು. ಮೆಣಸಿನಕಾಯಿ ಮಾರುವವನ ಗೋಣಿಯ ತಳದಲ್ಲಿ ಮುರುಕು ಉಳಿದಿರುತ್ತದೆ. ಅದನ್ನು ಕೇಳುವುದಕ್ಕೂ ಒಂದು ರೀತಿ ಇದೆ. ಅವ್ವ ಕೇಳಲಿಲ್ಲ. ಆ ಗೋಣಿಯ ಪಕ್ಕ ಕೂತು ಅವನ ಮಕ್ಕಳ ಯೋಗಕ್ಷೇಮ ವಿಚಾರಿಸಿದಳು. ಅವನೇ ಹಿಡಿ ತುಂಬ ಹಾಕಿದ.

ಒಂದು ಕಾಸಿಗೆ ಇಷ್ಟೆಲ್ಲ ಬರುತ್ತದೆಂದು ನನಗೆ ತಿಳಿದಿರಲಿಲ್ಲ.

ಮನೆಗೆ ಬರುವಾಗ ಕೇಳಿಯೇಬಿಟ್ಟೆ. ಅವತ್ತು ನಿನಗೆ ತಿಳಿದಿತ್ತಾ? ಎಲ್ಲ ಅಳತೆ ಎಂದು ಓದಿದಾಗ?

“ತಿಳೀದಂಗಿರ್ತೈತಾ? ಕೂಲಿ ನಾನೇ ಅಲ್ವಾ ತರಾದು.”

“ಮತ್ತೆ ಯಾಕೆ ಒತ್ತಿದೆ?”

“ನೀನು ಅಷ್ಟು ಸಂತೋಷವಾಗಿ ಓದ್ತಿದ್ದೆ” ಅಂದಳು. ಸ್ವಲ್ಪ ದೂರ ನಡೆದ ಮೇಲೆ, “ನಿಮ್ಮಕ್ಕನ ಹಸುಗೂಸಿಗೆ ಹಾಲು ಸಾಲದಂಗೆ ಆಗ್ತೈತೆ ಅಂತ ಮಾತ್ರ ನನಗೂ ಹೊಳೀಲಿಲ್ಲ” ಅಂದಳು.

ಅವಳ ಮುಂಗೈ ಹಿಡಿದು ಹಳ್ಳ ದಾಟಿಸಿದೆ. ನನ್ನ ಹೆಬ್ಬೆರಳೂ ತೋರುಬೆರಳೂ ಸುತ್ತ ಕೂಡಿದವು.

ಗುರುವಾರ, ೩ ಡಿಸೆಂಬರ್

ಅವ್ವ ನಿನ್ನೆ ಒರಳಿನ ಪಕ್ಕದಲ್ಲೇ ಕುಸಿದಳು. ಸೂರಮ್ಮ ಮತ್ತು ಇನ್ನೊಬ್ಬಳು ಹೊತ್ತು ತಂದು ಮಲಗಿಸಿದರು. ಜಯದೇವಪ್ಪ ಅರ್ಧ ದಿನದ ಕೂಲಿ ಕಳಿಸಿದ್ದ, ಕೋಲೆಳೆದು.

ಇವತ್ತು ಸಂಜೆ ನಾನು ಸೂರಮ್ಮನ ಮನೆಗೆ ಹೋದೆ. ಮೊದಲ ಸಲ. ಅರ್ಜಿ, ಮಸಿ, ಲೇಖನಿ ಯಾವುದನ್ನೂ ಒಯ್ಯಲಿಲ್ಲ. ಬಾಗಿಲಲ್ಲಿ ನಿಂತು, ಏನು ಮಾಡಬೇಕು ನೀನೇ ಹೇಳಮ್ಮಾ ಅಂದೆ.

“ಒಳಗೆ ಬಂದು ಕೂಡು. ಉಂಡ್ಯಾ?”

ಇಲ್ಲ ಅಂದೆ. ಅರ್ಧ ಮುದ್ದೆ, ಉಪ್ಪುಸಾರು ಹಾಕಿದಳು. ಮಿಕ್ಕ ಅರ್ಧ ಅವಳ ತಟ್ಟೆಯಲ್ಲಿತ್ತು.

ಆಮೇಲೆ ನಾನು ಹೇಳಿದೆ: ಹುಕುಂ ರದ್ದು ಮಾಡಿಸುತ್ತೇನೆ, ಅಮಲ್ದಾರರ ಕಾಲು ಹಿಡಿಯುತ್ತೇನೆ, ಎಲ್ಲ ಮೊದಲಿನ ಹಾಗೇ ಆಗಲಿ.

“ಲೇ, ಮತ್ತೆ ಎಲ್ಲ ಅಂತೀಯಲ್ಲೋ!” ಅಂದಳು. “ಮೊದ್ಲಿನಂಗಾದ್ರೆ ಆ ಉಳ್ಳಾರ್ತಿ ಮುದುಕಿ ಗತಿ ಏನು? ಆಕಿಗೆ ಈಗ ಎರಡು ಸೇರು ಹೆಚ್ಚು ಸಿಗ್ತೈತೆ. ಆಕಿ ಬಾಯಿಂದ ಕಿತ್ತು ನಮ್ಮ ಬಾಯಿಗೆ ಹಾಕ್ತೀಯಾ?”



ಅವಳು ಎದ್ದು ಹೋಗಿ ಒಂದು ಮೊರದಲ್ಲಿ ನವಣೆಯಕ್ಕಿ ತಂದು ನೆಲದ ಮೇಲೆ ಸಣ್ಣ ಸಣ್ಣ ಗುಡ್ಡೆ ಇಟ್ಟಳು. “ನಾಕು ತಲೆ ಸೇರಿದ್ರೆ ಒಂದು ಸೇರು. ನಲವತ್ತು ಕುಟ್ಟಿದ್ರೆ ತಲೆ ಸೈತ ನಾಕು ಸೇರು ಬರ್ತಿತ್ತು. ಅಂದ್ರೆ ಬೋಳಾಗಿ ಅಳೆದ್ರೆ ಐದು. ನಲವತ್ತಕ್ಕೆ ಐದು. ಕೋಲು ಎಳೆದ್ರೆ ಎಳೀಲಿ. ಹತ್ತಕ್ಕೊಂದು ಬ್ಯಾಡ, ಎಂಟಕ್ಕೊಂದು ಕೊಡ್ಲಿ. ಮುದುಕಿದೂ ಉಳೀತು, ನಮ್ದೂ ಬಂತು.”

ಗುಡ್ಡೆಗಳನ್ನು ನಾನು ಎರಡು ಸಲ ಎಣಿಸಿದೆ. ಸರಿಯಾಗಿತ್ತು. ಇದನ್ನು ಸೆಪ್ಟೆಂಬರಿನಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀನು ಓದಿ ಹೇಳಾಕೆ ಬಂದಿದ್ದೆ. ಕೇಳಾಕೆ ಬಂದಿರಲಿಲ್ಲ.”

ಅವಳು ಉಳಿದ ಹತ್ತು ಜನರ ಹತ್ತಿರವೂ ಆಗಲೇ ಮಾತಾಡಿದ್ದಾಳೆ. ಅವ್ವ ಬಿದ್ದದ್ದನ್ನು ಎಲ್ಲರೂ ನೋಡಿದ್ದಾರೆ. ದಾವಣಗೆರೆಗೆ ಹೋಗಬೇಕಾದ ನವಣೆಯಕ್ಕಿ ಇನ್ನೂ ಅರ್ಧ ಕುಟ್ಟಿಲ್ಲ, ಗಾಡಿಗಳು ಸೋಮವಾರ ಬರುತ್ತವೆ. ಸಂತೆಯ ದಿನ ಊರೆಲ್ಲ ನೋಡುವಾಗ ಒನಕೆ ಕೆಳಗಿಟ್ಟು ಮಂಡಿಯ ಮುಂದೆ ಕೂರುವುದು. ಎಂಟಕ್ಕೊಂದು ಎಂದು ಜಯದೇವಪ್ಪ ಬಾಯಿಬಿಟ್ಟು ಹೇಳುವವರೆಗೂ ಏಳದಿರುವುದು. ಅವನು ಉಳ್ಳಾರ್ತಿಯಿಂದ ಬೇರೆ ಹೆಂಗಸರನ್ನು ಕರೆಸಿದರೆ ಮುಗಿದುಹೋಯಿತು. ಅದಕ್ಕೆ ನಾಳೆ ಬೆಳಗ್ಗೆ ನಾನು ದೊಡ್ಡಉಳ್ಳಾರ್ತಿಗೆ ಹೋಗಿ ಕರಿಯಕ್ಕನ ಕಾಲಿಗೆ ಬೀಳಬೇಕು. ಆ ಊರಿನ ಹೆಂಗಸರು ಬರದ ಹಾಗೆ ನೋಡಿಕೋ ಎಂದು ಕೇಳಬೇಕು. ಕೇಳಬೇಕು, ಓದಿ ಹೇಳಬಾರದು. ಸೂರಮ್ಮ ಇದನ್ನು ಎರಡು ಸಲ ಅಂದಳು.

“ನಾನು ಎಲ್ಲಿ ನಿಲ್ಲಲಿ?” ಅಂದೆ.

“ಹಿಂದೆ. ಕೇಳಿದ್ರೆ ಮಾತಾಡು. ಇಲ್ದಿದ್ರೆ ನೀರು ತಂದು ಕೊಡು.” ಬಾಗಿಲವರೆಗೂ ಬಂದು, “ಒಂದು ಹೊತ್ತು ಕೂಲಿ ತಪ್ಪಿದ್ರೆ ತಡೀತೀವಿ. ಮೂರು ಹೊತ್ತು ತಪ್ಪಿದ್ರೆ ನಾನೇ ಎದ್ದು ಹೋಗಿ ಒನಕೆ ಹಿಡೀತೀನಿ, ಈಗಲೇ ಹೇಳಿರ್ತೀನಿ” ಅಂದಳು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಎಂದುಕೊಂಡೆ. “ಮಂಡಿ ತನಕ ನಡೆಯಾಕೆ ಆಗಲ್ಲ,” ಅಂದಳು, “ಹೊತ್ಕೊಂಡು ಹೋಗ್ತೀಯಾ?”

ಹೊರುತ್ತೇನೆ ಅಂದೆ. ಹೊರಲು ಅವಳಲ್ಲಿ ಏನು ಉಳಿದಿದೆ.

ಬಿಸಿಲು ಮಂಡಿಯ ಮೆಟ್ಟಿಲಿಗೆ ಬೀಳುವ ಹೊತ್ತು ಎಂದಿದ್ದಾಳೆ ಸೂರಮ್ಮ. ಕಚೇರಿಯ ಗಂಟೆಯ ಲೆಕ್ಕದಲ್ಲಿ ಏಳು. ಭಾನುವಾರ, ಡಿಸೆಂಬರ್ ಆರನೇ ತಾರೀಖು, ಬೆಳಗ್ಗೆ ಏಳು ಗಂಟೆಗೆ, ಜಯದೇವಪ್ಪನ ಮಂಡಿಯ ಮುಂದೆ.